ಅರ್ಧ ಗುಳಿಗೆ

ಈಗ ನನಗೆ ಹಾಸಿಗೆಯಿಂದ ಏಳಲು ಎರಡು ನಿಮಿಷ ಬೇಕು. ಮೊದಲು ಮಗ್ಗುಲಾಗಬೇಕು, ಆಮೇಲೆ ಎದ್ದು ಕೂರಬೇಕು, ಕಾಲು ಇಳಿಬಿಡಬೇಕು. ತಲೆದೆಸೆಯಲ್ಲಿಟ್ಟ ದೊಡ್ಡ ಲೋಟದ ನೀರು ಕುಡಿದು, ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತ ಗೋಡೆ ಗಡಿಯಾರ ನೋಡುತ್ತಿರಬೇಕು. ಎರಡು ನಿಮಿಷ ಏನು ಮಹಾ ಅನ್ನುತ್ತೀರಿ. ಕುಕ್ಕರಿನ ಸೀಟಿಗೆ, ನಳದ ನೀರಿಗೆ, ಲೋಕಲ್ ಟ್ರೇನಿನ ಹಾರ್ನಿಗೆ ಜನ್ಮವಿಡೀ ಚಂಗನೆ ಎದ್ದು ಓಡಿದವಳಿಗೆ ಸುಮ್ಮನೆ ಕೂರುವುದು ಶಿಕ್ಷೆಯೇ. ಮೊದಮೊದಲು ಆ ಗಡಿಯಾರಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಈಗ ಬೈಯುವುದಿಲ್ಲ. ಆ ಎರಡು ನಿಮಿಷ ಆರು ವರ್ಷದ ಹಿಂದೆ ತೀರಿಕೊಂಡ ನನ್ನ ಅತ್ತೆಯದು.

ನಿಮ್ಮ ಮನೆಯಲ್ಲಿ ಬಿಪಿ ಗುಳಿಗೆ ನುಂಗುವವರಿದ್ದರೆ, ಅವರು "ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ" ಅನ್ನುತ್ತಿದ್ದರೆ, ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಧೈರ್ಯ ಹೇಳುವಷ್ಟು ಒಳ್ಳೆಯವಳು ನಾನಲ್ಲ. ಏನು ಮಾಡಿದೆ ಎಂಬುದನ್ನು ಹೇಳುತ್ತೇನೆ, ಅಷ್ಟೆ.

ನಾವು ವಿಜಯಪುರದ ಕಡೆಯವರು. ಮುಂಬಯಿ ಹತ್ತಿರದ ಡೋಂಬಿವಲಿಗೆ ಬಂದು ಮೂವತ್ತು ವರ್ಷ ದಾಟಿದೆ. ನಮ್ಮ ಮನೆಯವರು ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮೇಲಿದ್ದರು, ಎರಡು ವರ್ಷದ ಹಿಂದೆ ರಿಟೈರಾದರು. ನಾನು ಕೋಪರಖೈರಣೆಯಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಮಗಳು ಪೂಜಾ ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಜಗಳ ಮಾತ್ರ ಹಿಂದಿಯೂ ಸೇರಿ ಮೂರೂ ಭಾಷೆಯಲ್ಲಿ ಸಾಂಗವಾಗಿ ನಡೆಯುತ್ತದೆ.

ಬಿಪಿ ಇದೆ ಎಂದು ಮೂರು ವರ್ಷದ ಹಿಂದೆ ಗೊತ್ತಾಯಿತು. ಮೊದಲು ದಿನಕ್ಕೆ ಒಂದು ಗುಳಿಗೆ, ವರ್ಷ ತುಂಬುವುದರೊಳಗೆ ಎರಡು. ಅದರ ಬಗ್ಗೆ ನಾನು ತಲೆಕೆಡಿಸಿಕೊಳ್ಳಲೇ ಇಲ್ಲ. ಬಿಪಿ ನಮ್ಮ ಮನೆಗೆ ಹೊಸ ನೆಂಟನೇನಲ್ಲ, ಅತ್ತೆಯನ್ನು ಹದಿನಾಲ್ಕು ವರ್ಷ ನೋಡಿಕೊಂಡಿದ್ದೆ, ಎಲ್ಲ ಗೊತ್ತು ಎಂಬ ಗತ್ತು ನನಗೆ.

ಕತ್ತಲೆ ಬರಲು ಶುರುವಾದದ್ದು ಕಳೆದ ವರ್ಷ. ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸಿ ಏಳುತ್ತಿದ್ದೆ. ಕಣ್ಣಿನ ಅಂಚುಗಳಿಂದ ಕರೀ ಪರದೆ ಸರಿದು ಬಂದು ಮುಚ್ಚಿತು. ಕಿವಿಯೊಳಗೆ ಗುಂಯ್ ಅಂದಿತು. ಗೋಡೆ ಹಿಡಿದು ನಿಂತೆ. ಆ ಕತ್ತಲೆಯೊಳಗೆ ಅತ್ತೆಯ ದನಿ ನಿಚ್ಚಳವಾಗಿ ಕೇಳಿಸಿತು: "ಕಣ್ಣಿಗಿ ಕತ್ತಲ ಬಂತವಾ, ಶಾಂತಾ."

ಅತ್ತೆ ಇದನ್ನು ಹೀಗೇ ಹೇಳುತ್ತಿದ್ದರು. ಇದೇ ಅಡುಗೆಮನೆ, ಇದೇ ಗೋಡೆ. ಪರದೆ ಸರಿದು ಬೆಳಕು ಬಂದಾಗ ನನ್ನ ಕೈ ಅತ್ತೆ ಹಿಡಿಯುತ್ತಿದ್ದ ಜಾಗದಲ್ಲೇ ಇತ್ತು. ಅವರ ಎಣ್ಣೆಗೈ ತಾಗಿ ತಾಗಿ ಅಲ್ಲಿ ಬಣ್ಣ ಕಂದಿತ್ತು.

ಅಂದು ಮನೆಯವರು ನನ್ನನ್ನು ಮಂಚದ ಮೇಲೆ ಮಲಗಿಸಿ ಬಿಪಿ ಮಶೀನ್ ಹಚ್ಚಿದರು. ಅವರು ಮಶೀನನ್ನು ನಂಬುವ ಮನುಷ್ಯ, ಲೇಥಿನಲ್ಲಿ ಕೂದಲೆಳೆ ಹೆಚ್ಚುಕಡಿಮೆಯನ್ನೂ ಬಿಡದವರು. ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನೂರಾ ಅರವತ್ತೆಂಟು! ಅದಕ್ಕ ಮತ್ತ ತಲಿ ತಿರಗೈತಿ. ಬಿಪಿ ಏರೈತಿ ನಿಂದು."

ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ 168 ಎಂದು ಬರೆದು, ಗುಳಿಗೆಯನ್ನು ಎರಡು ಹೋಳು ಮಾಡಿ ಒಂದು ಹೋಳು ನನ್ನ ಬಾಯಿಗೆ ಹಾಕಿದರು. ತಲೆ ತಿರುಗಿದರೆ ಮಲಗಿಸು, ಅಳೆ, ಏರಿದ್ದರೆ ಅರ್ಧ ಹೆಚ್ಚಿಗೆ ಕೊಡು. ಈ ಪದ್ಧತಿ ಅವರಿಗೆ ಕಲಿಸಿದವಳು ನಾನೇ. ಅತ್ತೆಗೆ ಹಾಗೇ ಮಾಡುತ್ತಿದ್ದೆ.

ಅತ್ತೆಯ ಮೇಲೆ ನನಗೆ ಪ್ರೀತಿ ಇತ್ತೋ ಇಲ್ಲವೋ ಎಂದು ಕೇಳಬೇಡಿ. ಒಂದೇ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಜಗಳವಾಡಿದ್ದೇವೆ, ಅಷ್ಟು ಪ್ರೀತಿ ಇತ್ತು. ಅವರ ಉಪ್ಪಿನಕಾಯಿ ಭರಣಿಯನ್ನು ನಾನು ಲಾಫ್ಟ್ ಮೇಲೆ ಇಟ್ಟೆ. "ಉಪ್ಪಿಲ್ಲದ ರೊಟ್ಟಿ ತಿಂದು ಯಾರ ಉದ್ಧಾರ ಆಗ್ಯಾರವಾ?" ಎಂದು ಗೊಣಗುತ್ತಿದ್ದರು. ಎದ್ದ ಕೂಡಲೇ ಕತ್ತಲೆ ಬಂತೆಂದರೆ, "ಕದ್ದು ಉಪ್ಪಿನಕಾಯಿ ತಿಂದೀರಿ, ಬಿಪಿ ಏರೈತಿ" ಎಂದು ಗದರಿಸುತ್ತಿದ್ದೆ. ಮಲಗಿಸಿ ಅಳೆದರೆ ಮಶೀನು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಅರ್ಧ ಗುಳಿಗೆ. ಮರುದಿನ ಇನ್ನೂ ಜೋರಾಗಿ ಕತ್ತಲೆ. ಮತ್ತೆ ಅರ್ಧ. ಡಾಕ್ಟರಿಗೆ ಹೇಳಿರಲಿಲ್ಲ. ಇಷ್ಟಕ್ಕೆಲ್ಲ ಡಾಕ್ಟರ್ ಯಾಕೆ, ನಮಗೆ ಗೊತ್ತಿಲ್ಲವೇ?

ಒಂದು ಮುಂಜಾನೆ ಅತ್ತೆ ಅದೇ ಮಾತು ಹೇಳಿದರು. ನನಗೆ ಟ್ರೇನಿನ ಗಡಿಬಿಡಿ. ಮಶೀನ್ ಕೂಡ ಹಚ್ಚದೆ ಅರ್ಧ ಗುಳಿಗೆ ಚಹಾದ ಜೊತೆ ಕೊಟ್ಟು ಓಡಿದೆ. ಮನೆಯವರಿಗೆ ಸೆಕೆಂಡ್ ಶಿಫ್ಟ್, ಇನ್ನೂ ಮಲಗಿದ್ದರು. ಹತ್ತೂವರೆಗೆ ಯೂನಿಟ್ಟಿಗೆ ಫೋನ್ ಬಂತು. ಅತ್ತೆ ತಾಮ್ರದ ತಂಬಿಗೆ ಹಿಡಿದು ಬಚ್ಚಲಿಗೆ ಹೊರಟವರು ಹೊಸ್ತಿಲ ಮೇಲೆ ಬಿದ್ದಿದ್ದರು. ತಲೆಗೆ ಪೆಟ್ಟು. ಮೂರು ದಿನ ಕಣ್ಣು ಬಿಡದೆ ಇದ್ದು ಹೋದರು.

ಮಣ್ಣಿಗೆ ಊರಿನಿಂದ ಬಂದ ನೆಂಟರೆಲ್ಲ ನನ್ನನ್ನು ಹೊಗಳಿದರು. "ಸೊಸಿ ಅಂದ್ರ ಹಿಂಗಿರಬೇಕ ನೋಡು. ಒಂದ್ ದಿನ ಗುಳಿಗಿ ತಪ್ಪಿಸಿಲ್ಲ." ಆ ಹೊಗಳಿಕೆಯನ್ನು ನಾನು ಐದು ವರ್ಷ ಒಡವೆ ಹಾಗೆ ಹಾಕಿಕೊಂಡು ಮೆರೆದೆ. ಹೇಳಲು ನಾಚಿಕೆಯಾಗುತ್ತದೆ.

ಈಗ ಟ್ರೇನಿನ ಸಂಗತಿ. ಡೋಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದರೆ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗುತ್ತದೆ. ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಇದೆ. ಠಾಣೆಯಲ್ಲಿ ಇಳಿಯುವವರು ದಿವಾ ಸ್ಟೇಷನ್ ಬಂದ ಕೂಡಲೇ ಎದ್ದು, ಮುಂಬಯಿವರೆಗೆ ಹೋಗುವವರಿಗೆ ಸೀಟು ಬಿಟ್ಟುಕೊಡಬೇಕು. ಬರೆದಿಟ್ಟ ಕಾನೂನಲ್ಲ, ಆದರೆ ತಪ್ಪಿಸಿದವಳಿಗೆ ಮರುದಿನ ಯಾರೂ ಸರಿದು ಜಾಗ ಕೊಡುವುದಿಲ್ಲ. ನಾನು ಠಾಣೆಯಲ್ಲಿ ಇಳಿದು ಕೋಪರಖೈರಣೆಯ ಗಾಡಿ ಹಿಡಿಯುವವಳು, ಹನ್ನೊಂದು ವರ್ಷ ದಿವಾದಲ್ಲಿ ಎದ್ದಿದ್ದೇನೆ. ನನ್ನ ಸೀಟು ವೈಶಾಲಿಗೆ. ಆಕೆ ಮುಂಬಯಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಮರಾಠಿ ಹೆಂಗಸು, ಬಾಯಿ ಜೋರು, ಮನಸ್ಸು ಬೆಣ್ಣೆ.

ಶ್ರಾವಣದ ಸೋಮವಾರ. ನನಗೆ ಉಪವಾಸ. ಹಿಂದಿನ ದಿನ ಎರಡು ಸಲ ಅರ್ಧರ್ಧ ಗುಳಿಗೆ ಹೆಚ್ಚಿಗೆ ಬಿದ್ದಿತ್ತು, ಮುಂಜಾನೆಯದ್ದೂ ಖಾಲಿ ಹೊಟ್ಟೆಯಲ್ಲಿ ನುಂಗಿದ್ದೆ. ದಿವಾ ಬಂತು, ಎದ್ದೆ, ವೈಶಾಲಿ ಕೂತಳು. ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಪರದೆ ಮುಚ್ಚಿತು. ಈ ಸಲ ಹಿಡಿಯಲು ಗೋಡೆ ಇರಲಿಲ್ಲ, ಎದುರಿಗೆ ತೆರೆದ ಬಾಗಿಲು, ಅದರಾಚೆ ಮುಂದಿನ ಸ್ಟೇಷನ್ ಮುಂಬ್ರಾದ ಗಾಳಿ. ಅತ್ತೆಯ ತಂಬಿಗೆ ಉರುಳುವ ಠಣಠಣ ಸಪ್ಪಳ ಕೇಳಿಸಿತು. ಆಮೇಲೆ ಏನೂ ಇಲ್ಲ.

ಎಚ್ಚರವಾದಾಗ ಡಬ್ಬಿಯ ನೆಲದ ಮೇಲಿದ್ದೆ. ವೈಶಾಲಿ ನನ್ನ ಸೆರಗನ್ನು ಎರಡೂ ಕೈಯಿಂದ ಮುಷ್ಟಿ ಕಟ್ಟಿ ಹಿಡಿದಿದ್ದಳು. ಸೀಟಿನಿಂದ ಜಿಗಿದು ಸೆರಗೆಳೆದಿರದಿದ್ದರೆ ನಾನು ಹಳಿಯ ಪಕ್ಕ ಬಿದ್ದಿರುತ್ತಿದ್ದೆ. "ಅಗ ಶಾಂತಾ, ಮರಾಯ್‌ಚ ಆಹೆ ಕಾ ತುಲಾ?" ಎಂದು ಬೈಯುತ್ತಲೇ ಅಳುತ್ತಿದ್ದಳು. ಸಾಯಬೇಕೆಂದು ಮಾಡಿದ್ದೀಯಾ ಎಂದು. ಆಫೀಸಿಗೆ ರಜೆ ಹಾಕಿ ಠಾಣೆಯಲ್ಲಿ ನನ್ನ ಜೊತೆ ಇಳಿದಳು. ನಮ್ಮ ಮನೆಯವರಿಗೆ ಫೋನ್ ಮಾಡಿ, ಅಲ್ಲೇ ಹತ್ತಿರದ ಕೋಪರಿಯಲ್ಲಿ ತನಗೆ ಗೊತ್ತಿದ್ದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು.

ಅಲ್ಲಿ ಕಾಯುವ ಕೋಣೆಯಲ್ಲಿ ಹತ್ತು ಕುರ್ಚಿ, ಇಪ್ಪತ್ತು ಜನ. ನನ್ನ ಎದುರಿಗೆ ಒಬ್ಬ ಮುದುಕಿ, ಪಕ್ಕದಲ್ಲಿ ಅವಳ ಸೊಸೆ. ಮುದುಕಿಯ ಗುಳಿಗೆ ಡಬ್ಬಿಯನ್ನು ಸೊಸೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಇನ್ನೂ ಏನೂ ಗೊತ್ತಿರಲಿಲ್ಲ, ಆದರೂ ಆ ಡಬ್ಬಿಯಿಂದ ಕಣ್ಣು ಕೀಳಲಾಗಲಿಲ್ಲ. ಅಷ್ಟರಲ್ಲಿ ಮನೆಯವರು ಓಡುತ್ತ ಬಂದರು, ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ಸುರುಳಿ ಸುತ್ತಿ ತಂದಿದ್ದರು.

ಡಾಕ್ಟರ್ ಚಿಕ್ಕ ವಯಸ್ಸಿನವಳು, ಪೂಜಾಳಿಗಿಂತ ಐದಾರು ವರ್ಷ ದೊಡ್ಡವಳಿರಬೇಕು. ನನ್ನನ್ನು ಮಲಗಿಸಿ ಅಳೆದಳು. ನೂರಾ ಐವತ್ತೆಂಟು. ಮನೆಯವರು ನನ್ನತ್ತ ನೋಡಿ ಕಣ್ಣಲ್ಲೇ "ನೋಡಿದೇನು, ಏರೈತಿ" ಎಂದರು. ಆಮೇಲೆ ಡಾಕ್ಟರ್, ನನಗೆ ಅಲ್ಲಿಯವರೆಗೆ ಯಾವ ಡಾಕ್ಟರೂ ಮಾಡದ ಕೆಲಸ ಮಾಡಿದಳು. ಪಟ್ಟಿ ತೋಳಿಗಿರುವಂತೆಯೇ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಅಳೆದಳು. ನೂರಾ ಹದಿನಾರು. ಮೂರು ನಿಮಿಷಕ್ಕೆ ಮತ್ತೆ ಅಳೆದಳು. ತೊಂಬತ್ತೆಂಟು. ಅಷ್ಟರಲ್ಲಿ ಪರದೆ ಮುಚ್ಚಲು ಶುರುವಾಗಿತ್ತು, ಅವಳೇ ಹಿಡಿದು ಕೂರಿಸಿದಳು.

"ಕಾಕು, ಎದ್ದರೆ ನಿಮ್ಮ ಬಿಪಿ ಇಳಿಯುತ್ತಿದೆ, ಏರುತ್ತಿಲ್ಲ. ಮಲಗಿಸಿದರೆ ವಾಪಸ್ ಏರುತ್ತದೆ," ಎಂದು ಹಿಂದಿಯಲ್ಲಿ ಹೇಳಿದಳು. "ಮನೆಯಲ್ಲಿ ಚಕ್ಕರ್ ಬಂದಾಗ ಏನು ಮಾಡುತ್ತಿದ್ದಿರಿ?"

ಮನೆಯವರು ಉತ್ಸಾಹದಿಂದ ಕ್ಯಾಲೆಂಡರ್ ಬಿಚ್ಚಿದರು. ಮಲಗಿಸುವುದು, ಅಳೆಯುವುದು, ಅರ್ಧ ಗುಳಿಗೆ, ಎಲ್ಲ ಹೇಳಿದರು. "ನಮ್ಮ ತಾಯಿಗೂ ಹೀಗೇ ಮಾಡುತ್ತಿದ್ದೆವು ಮೇಡಂ. ಇವಳು ಬಹಳ ಚೆನ್ನಾಗಿ ನೋಡಿಕೊಂಡಳು."

ಡಾಕ್ಟರ ಪೆನ್ನು ನಿಂತಿತು. "ಈಗ ಹೇಗಿದ್ದಾರೆ ತಾಯಿ?"

"ಅವರು ಬಿದ್ದು..." ಎಂದರು ಇವರು. ಬಾಯಿ ತೆರೆದೇ ಇತ್ತು.

ಡಾಕ್ಟರ್ ತಲೆ ತಗ್ಗಿಸಿ ಚೀಟಿ ಬರೆಯತೊಡಗಿದಳು. ಒಂದು ಗುಳಿಗೆ ತೆಗೆದಳು, ಇನ್ನೊಂದನ್ನು ಬದಲಾಯಿಸಿ ಹೊತ್ತು ಗೊತ್ತುಮಾಡಿದಳು. ಉಪವಾಸ ಬಂದ್, ನೀರು ಜಾಸ್ತಿ, ಮೊಣಕಾಲವರೆಗಿನ ಬಿಗಿ ಕಾಲುಚೀಲ. ಹೆಚ್ಚಿಸುವುದೂ ಬಿಡುವುದೂ ನಿಮ್ಮ ಕೈಯಲ್ಲಿಲ್ಲ, ಗುಳಿಗೆಗೆ ಬೆರಳು ಹಚ್ಚುವ ಮೊದಲು ನನಗೆ ಫೋನ್ ಮಾಡಿ ಎಂದು ಎರಡು ಸಲ ಹೇಳಿದಳು. ನಾನು ಹೂಂ ಅಂದೆ. ನನ್ನ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು. ನಾನೇ ಕೊಂದೆ. ಈ ಕೈಯಿಂದ, ಚಹಾದ ಜೊತೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಹೇಳುತ್ತೇವಲ್ಲ, ಅದರೊಳಗೆ ಇಂಥದ್ದೊಂದು ಅಡಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಹೋಗುವಾಗ ಇವರು ಒಂದು ಮಾತೂ ಆಡಲಿಲ್ಲ. ಬಂದವರೇ ಬಿಪಿ ಮಶೀನನ್ನು ಕಪಾಟಿನ ಮೇಲಿನ ಖಾನೆಯಲ್ಲಿ, ಚಾದರಗಳ ಹಿಂದೆ ಇಟ್ಟರು. ಕ್ಯಾಲೆಂಡರ್ ಗೋಡೆಗೆ ಮರಳಲೇ ಇಲ್ಲ. ಮಂಚದ ತಲೆದೆಸೆ ಎತ್ತರ ಇರಬೇಕು ಎಂದು ಡಾಕ್ಟರ್ ಹೇಳಿದ್ದಳು. ಮರುದಿನವೇ ವಾಗ್ಳೆ ಎಸ್ಟೇಟಿಗೆ ಹೋಗಿ, ಹಳೇ ದೋಸ್ತನ ವರ್ಕ್‌ಶಾಪಿನಲ್ಲಿ ನಿಂತು, ಎರಡು ಕಬ್ಬಿಣದ ಅಡಿಗಟ್ಟು ಮಾಡಿಸಿಕೊಂಡು ಬಂದು ಮಂಚದ ಕಾಲಿಗೆ ಕೂರಿಸಿದರು. ದಿನಾ ಮುಂಜಾನೆ ನಾನು ಕಾಲು ಇಳಿಬಿಟ್ಟು ಕೂತರೆ ಅವರೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಗಡಿಯಾರ ನೋಡುತ್ತಿದ್ದರು. "ಹೂಂ, ಏಳು" ಎನ್ನುತ್ತಿದ್ದರು, ತೋಳು ಹಿಡಿಯುತ್ತಿದ್ದರು. ಅಷ್ಟೇ ಮಾತು.

ದೇವರಾಣೆ ಹೇಳುತ್ತೇನೆ, ಕತ್ತಲೆಗಿಂತ ಆ ಮೌನಕ್ಕೆ ಹೆಚ್ಚು ಹೆದರಿದೆ. ಮೂವತ್ತು ವರ್ಷ ಸಂಸಾರ ಮಾಡಿದವರು, ನನ್ನ ತೋಳು ಹಿಡಿದುಕೊಂಡೇ, ನನ್ನ ಅವ್ವನನ್ನು ಕೊಂದವಳು ಇವಳು ಎಂದುಕೊಳ್ಳುತ್ತಿದ್ದಾರೆ. ನನಗೆ ಹಾಗೆಯೇ ಅನಿಸಿತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಇಬ್ಬರೂ ಬೆಚ್ಚುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪೂಜಾ ಒಂದು ದಿನ ತಟ್ಟೆ ಸರಿಸಿ ಕೇಳಿದಳು: "ಕಾಯ್ ಝಾಲಂ ತುಮ್ಹಾಲಾ? ಇಬ್ರೂ ಯಾಕ ಹಿಂಗ ಇದ್ದೀರಿ?" ಕನ್ನಡದಲ್ಲಿ ಕೇಳಿದಳೆಂದರೆ ಅವಳಿಗೂ ಭಯವಾಗಿತ್ತು. ಏನಿಲ್ಲವ್ವಾ, ಔಷಧದ ಸುಸ್ತು ಎಂದೆ.

ಎರಡನೇ ಸಲ ಡಾಕ್ಟರ ಬಳಿ ಒಬ್ಬಳೇ ಹೋದೆ. ನಿಂತಾಗ ಬಿಪಿ ಸುಧಾರಿಸಿತ್ತು. ಅವಳು ಖುಷಿಪಟ್ಟಳು. ನಾನು ಏಳಲಿಲ್ಲ. ಅತ್ತೆಯ ಸಂಗತಿ ಹೇಳಿ ಕೇಳಿದೆ, "ಆ ಅರ್ಧ ಗುಳಿಗೆಯಿಂದಲೇ ಬಿದ್ದರೇ?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕಾಕು, ನಾನು ಅವರನ್ನು ನೋಡಿಲ್ಲ. ಹೌದು ಅನ್ನಲಾರೆ, ಇಲ್ಲ ಎಂದೂ ಅನ್ನಲಾರೆ. ಒಂದು ಹೇಳುತ್ತೇನೆ, ಅವರನ್ನು ಯಾರೂ ನಿಲ್ಲಿಸಿ ಅಳೆದಿರಲಿಲ್ಲ. ಆ ತಪ್ಪು ನಿಮ್ಮೊಬ್ಬರದಲ್ಲ." ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವಳು ಎದ್ದು ಬಂದು ತಾನೇ ನನಗೆ ನೀರು ಕೊಟ್ಟಳು.

ವೈಶಾಲಿ ಮತ್ತು ಗುಂಪಿನವರು ನನಗಾಗಿ ಕಟ್ಟಳೆಯನ್ನೇ ತಿದ್ದಿದರು. "ತುಝಾ ದಿವಾ ಆತಾ ಕಳವಾ," ಎಂದಳು ವೈಶಾಲಿ. ನಾನಿನ್ನು ದಿವಾದಲ್ಲಿ ಏಳಬೇಕಿಲ್ಲ, ಠಾಣೆಯ ಹಿಂದಿನ ಕಳವಾದವರೆಗೆ ಕೂತಿರಬಹುದು. ಕಳವಾ ಬಂದರೆ ಅವಳು ನನ್ನ ಮುಂದೆ ನಿಂತು, "ಸಾವಕಾಶ್" ಎನ್ನುತ್ತಾಳೆ. ನಾನು ಕಾಲು ಬಿಗಿಹಿಡಿದು, ಕಂಬಿ ಹಿಡಿದು ಏಳುತ್ತೇನೆ. ಹೊಸ ಹುಡುಗಿಯೊಬ್ಬಳು ಇದೇನು ಆಂಟಿಗೆ ವಿಐಪಿ ಸೀಟು ಎಂದು ಕೊಂಕಾಡಿದಳು. ವೈಶಾಲಿ ಅವಳಿಗೆ ಕೊಟ್ಟ ಉತ್ತರ ಬರೆಯುವಂಥದ್ದಲ್ಲ.

ಹೊರಗೆ ಇಷ್ಟು ದಯೆ ಸಿಕ್ಕಿತು. ಮನೆಯ ಮಂಚದ ಅಂಚಿನಲ್ಲಿ ಮಾತ್ರ ಅದೇ ಮೌನ. ಒಂದು ಮುಂಜಾನೆ ನನಗೆ ತಡೆಯಲಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ, ಆರು ವರ್ಷ ತಡವಾಗಿ ಬಾಯಿಬಿಟ್ಟೆ. ನೀರು ಕುಡಿದ ಲೋಟ ಕೈಯಲ್ಲೇ ಇತ್ತು. ಗಡಿಯಾರ ನೋಡುತ್ತಲೇ ಹೇಳಿದೆ.

"ಆವತ್ತ ಮುಂಜಾನೆ ಅತ್ತಿಗಿ ಅರ್ಧ ಗುಳಿಗಿ ಹೆಚ್ಚಿಗಿ ಕೊಟ್ಟು ಹೋಗಿದ್ನಿರಿ. ಮಶೀನ್ ಸುದ್ದಾ ಹಚ್ಚಿರಲಿಲ್ಲ. ನೀವು ನನಗ ಬೈರಿ. ಹೊಡೀರಿ ಬೇಕಾದ್ರ. ಹಿಂಗ ಸುಮ್ ಕುಂಡ್ರಬ್ಯಾಡ್ರಿ."

ನಿಮಿಷದ ಮುಳ್ಳು ಒಂದು ಗೆರೆ ದಾಟಿತು.

"ನನಗ ಗೊತ್ತೈತಿ," ಎಂದರು.

"ಹೆಂಗ?"

"ಅವ್ವ ಹೇಳಿದ್ಳು." ಅವರ ದನಿ ನನಗೆ ಗುರುತೇ ಸಿಗಲಿಲ್ಲ. "ನೀ ಹೋದ ಮ್ಯಾಲ ಮತ್ತ ಕತ್ತಲ ಬಂತಂದ್ಳು. ಮಲಗಿಸಿದೆ. ಮಶೀನ್ ಹಚ್ಚಿದೆ. ನೂರಾ ಎಂಬತ್ತು ತೋರಿಸ್ತು. ನಾ ಗಾಬರಿಯಾಗಿ ಇಡೀ ಗುಳಿಗಿ ತಗದೆ. 'ಬ್ಯಾಡೋ ಯಪ್ಪಾ, ಶಾಂತಾ ಕೊಟ್ಟಾಳ' ಅಂದ್ಳು."

ಲೋಟ ನನ್ನ ಕೈಯಿಂದ ಜಾರಿತು. ಉರುಳಿ ಗೋಡೆಯವರೆಗೆ ಹೋಯಿತು. ಈ ಸಲ ಇಬ್ಬರೂ ಬೆಚ್ಚಲಿಲ್ಲ.

"ನಾ ಕೇಳಲಿಲ್ಲ, ಶಾಂತಾ. ಬಾಯಾಗ ಹಾಕಿ ನೀರು ಕುಡಿಸಿದೆ. ಅರ್ಧ ತಾಸಿಗಿ ತಂಬಿಗಿ ಸಪ್ಪಳ ಕೇಳಿಸ್ತು. ಡಾಕ್ಟರಮ್ಮ ಕೇಳಿದ ದಿನದಿಂದ ನಿನ್ನ ಮಾರಿ ನೋಡ್ಲಿಕ್ಕಾಗವಲ್ದು ನನಗ. ನೀ ನಿನ್ನ ತಪ್ಪು ಅನ್ಕೊಂಡೀ ಅಂತ ತಿಳೀತಿತ್ತು. ಆದ್ರೂ ಹೇಳಲಿಲ್ಲ. ಹೇಳಿದ್ರ ತಪ್ಪು ನನ್ನ ಪಾಲಿಗೆ ಬರ್ತಿತ್ತಲ್ಲ."

ಆಗ ನನಗೆ ಸಿಟ್ಟು ಬರಬೇಕಿತ್ತು. ಮೂರು ತಿಂಗಳು ನನ್ನನ್ನು ಒಬ್ಬಳನ್ನೇ ಬೇಯಲು ಬಿಟ್ಟರಲ್ಲ. ಬಂತು ಕೂಡ. ಅದರ ಹಿಂದೆಯೇ, ಅತ್ತೆ "ಶಾಂತಾ ಕೊಟ್ಟಾಳ" ಎಂದದ್ದು ಕಿವಿಯಲ್ಲಿ ಕೂತಿತು. ಕೊನೆಯ ಗಳಿಗೆಯಲ್ಲೂ ನನ್ನ ಹೆಸರು ಹೇಳಿ ಬೇಡವೆಂದಿದ್ದರು. ನಾನು ನೋಡಿಕೊಂಡಿದ್ದೇನೆ ಎಂಬ ನಂಬಿಕೆಯಲ್ಲಿ.

ಅವರು ಅಳುತ್ತಿದ್ದರು. ಆ ಮನುಷ್ಯ ಅತ್ತದ್ದನ್ನು ನಾನು ಅತ್ತೆಯ ಮಣ್ಣಿನ ದಿನವೂ ನೋಡಿರಲಿಲ್ಲ. ನಾನು ಅವರ ತೋಳು ಹಿಡಿದೆ. ಹೊರಗೆ ನಳ ಬಂದಿತ್ತು, ಬಚ್ಚಲಲ್ಲಿ ಬಕೆಟ್ ತುಂಬಿ ಚೆಲ್ಲತೊಡಗಿತ್ತು. ಪೂಜಾ ತನ್ನ ಕೋಣೆಯಿಂದ "ಆಯೀ, ಪಾಣಿ!" ಎಂದು ಕೂಗಿದಳು.

"ಎರಡು ನಿಮಿಷ ಆತು," ಎಂದರು ಇವರು, ಕಣ್ಣೊರೆಸಿಕೊಳ್ಳುತ್ತ.

"ಆಗ್ಲಿ, ಕುಂಡ್ರಿ," ಎಂದೆ.

ನೀರು ಚೆಲ್ಲುತ್ತಲೇ ಇತ್ತು. ನಾವಿಬ್ಬರೂ ಏಳಲಿಲ್ಲ.